ರಂಗಮ್ಮಜ್ಜಿಯ ಎರಡು ಓಟು

ನಾನು ಯಾರಿಗೆ ಓಟು ಹಾಕುತ್ತೇನೆಂಬುದನ್ನು ಹೆತ್ತ ತಾಯಿಗೂ ಹೇಳಿದವಳಲ್ಲ. ಇದರಲ್ಲಿ ದೊಡ್ಡ ತತ್ವವೇನೂ ಇಲ್ಲ. ನಮ್ಮಂಥ ಬಡಾವಣೆಯಲ್ಲಿ ಮದುವೆಯಾಗದ ಹುಡುಗಿಗೆ ತನ್ನದೇ ಎಂದು ಇಟ್ಟುಕೊಳ್ಳಲು ಬೇರೆ ಗುಟ್ಟುಗಳು ಸಿಗುವುದಿಲ್ಲ, ಅಷ್ಟೆ. ನನ್ನ ಎಂ.ಎ. ಅಂಕಗಳು ಹಾಲು ತರುವವನಿಗೂ ಗೊತ್ತು. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಮತ್ತೆ ಏಕೆ ಬರಲಿಲ್ಲ ಎಂಬುದು ನನಗಿಂತ ಒಂದು ದಿನ ಮೊದಲು ಎದುರುಮನೆಗೆ ಗೊತ್ತಾಗಿತ್ತು. ಹೀಗಿರುವಾಗ, ಸರ್ಕಾರವೇ ಮುಂದೆ ನಿಂತು, ಮೇಜಿನ ಸುತ್ತ ರಟ್ಟಿನ ಮರೆ ಇಟ್ಟು, ‘ಇದನ್ನು ಯಾರಿಗೂ ಹೇಳಬೇಕಾಗಿಲ್ಲ’ ಎಂದು ಕೊಡುವ ಗುಟ್ಟು ಒಂದೇ ಒಂದು. ಅದನ್ನು ಜತನವಾಗಿ ಕಾಪಾಡಿಕೊಂಡು ಬಂದೆ. ಆ ಜತನಕ್ಕಾಗಿ ಓಟು ಕಳೆದುಕೊಂಡವರು ಮಾತ್ರ ನಾನಲ್ಲ, ಎದುರುಮನೆಯ ರಂಗಮ್ಮಜ್ಜಿ. ಅದನ್ನು ಅಜ್ಜಿಗೆ ಹೇಳುವ ಧೈರ್ಯ ಬಾರದೆ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಬಡಾವಣೆ ಇರುವುದು ದಿಂಡಿಗಲ್ ಊರು ಮುಗಿದು ವೇದಸಂದೂರಿನ ರಸ್ತೆ ಶುರುವಾಗುವ ಕಡೆ. ನಲವತ್ತು ಮನೆಗಳಿರಬಹುದು. ನೂಲಿನ ಗಿರಣಿಯ ಮೇಲ್ವಿಚಾರಕರು, ಚರ್ಮದ ವ್ಯಾಪಾರದವರು, ಶಾಲಾ ಮೇಷ್ಟರುಗಳು, ಬೀಗದ ಅಂಗಡಿಯ ನಮ್ಮಪ್ಪ. ಈ ನಲವತ್ತರಲ್ಲಿ ಹತ್ತು ಹನ್ನೆರಡು ಮನೆ ನಮ್ಮವರದು. ಎಂದರೆ ಕಂಬಂ ಕಣಿವೆಯಿಂದ ಬಂದ, ಮನೆಯೊಳಗೆ ಕನ್ನಡ ಆಡುವ ಬೇಸಾಯಗಾರರ ಮನೆತನಗಳು. ಆಡುವುದು ಎಂದೆನಲ್ಲ, ಅದೂ ಅರ್ಧ ಸತ್ಯ. ದೊಡ್ಡವರು ಕನ್ನಡದಲ್ಲಿ ಕೇಳುತ್ತಾರೆ, ಚಿಕ್ಕವರು ತಮಿಳಿನಲ್ಲಿ ಉತ್ತರ ಕೊಡುತ್ತಾರೆ, ಇಬ್ಬರಿಗೂ ಏನೂ ತೊಂದರೆಯಾಗುವುದಿಲ್ಲ. ನಾನು ಕನ್ನಡದ ಅಕ್ಷರ ಕಲಿತದ್ದು ಮಧುರೆಯ ಹಾಸ್ಟೆಲಿನಲ್ಲಿ, ಹೊಸೂರಿನ ಗೆಳತಿಯೊಬ್ಬಳಿಂದ. ಕಲಿತು ಬಂದವಳು ಉತ್ಸಾಹದಲ್ಲಿ ಬೀದಿಯ ಹಿರಿಯರಿಗೆಲ್ಲ ಕನ್ನಡದಲ್ಲೇ ಉತ್ತರ ಕೊಡತೊಡಗಿದೆ. ಅದರಿಂದ ಲಾಭವಾದದ್ದು ರಂಗಮ್ಮಜ್ಜಿಗೆ ಒಬ್ಬರಿಗೇ. ಮೊಮ್ಮಕ್ಕಳ ತಮಿಳಿನಿಂದ ಬೇಸತ್ತಿದ್ದ ಅವರು ನನ್ನನ್ನು ಕಂಡರೆ ಜಗಲಿಯಿಂದಲೇ ಕೂಗುತ್ತಿದ್ದರು: “ಬಾ ತಾಯಿ, ರವಷ್ಟು ಮಾತಾಡ್ಬುಟ್ಟು ಹೋಗು. ಬಾಯಿ ತುಕ್ಕು ಹಿಡ್ದದೆ.”

ಬಡಾವಣೆಯ ಮೂಡಣ ತುದಿಯಲ್ಲಿ ಒಂದು ಪಕ್ಷದ ಬಾವುಟದ ಕಂಬ, ಪಡುವಣ ತುದಿಯಲ್ಲಿ ಇನ್ನೊಂದರದು. ಪಕ್ಷಗಳ ಹೆಸರು ಹೇಳುವುದು ನನ್ನ ಸ್ವಭಾವಕ್ಕೆ ಒಗ್ಗದ್ದರಿಂದ ಮೂಡಲ ಕಂಬದವರು, ಪಡುವಲ ಕಂಬದವರು ಎಂದಿಟ್ಟುಕೊಳ್ಳೋಣ. ಇಲ್ಲಿ ಯಾರೂ ತಮ್ಮ ಒಲವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರದೂ ಎಲ್ಲರಿಗೂ ಗೊತ್ತು. ಪಂಚೆಯ ಅಂಚಿನ ಬಣ್ಣದಿಂದ ಗಂಡಸರದು ತಿಳಿಯುತ್ತದೆ, ಹಜಾರದ ಕ್ಯಾಲೆಂಡರಿನಿಂದ ಮನೆಯದು ತಿಳಿಯುತ್ತದೆ. ನಮ್ಮಪ್ಪ ಮಾತ್ರ ಅಪ್ಪಟ ಬಿಳಿ ಪಂಚೆಯವರು. ಓಟು ಕೇಳಲು ಯಾರು ಬಂದರೂ ಎದ್ದು ನಿಂತು, ಕೈ ಮುಗಿದು, “ನಮ್ಮ ಮನೆ ಓಟು ನಿಮಗಲ್ಲದೆ ಇನ್ಯಾರಿಗೆ!” ಎಂದು ತಮಿಳಿನಲ್ಲಿ ಹೇಳಿ ಕಾಫಿ ಕೊಡಿಸುತ್ತಿದ್ದರು. ಒಮ್ಮೆ ಎರಡು ಕಡೆಯವರೂ ಒಂದೇ ಹೊತ್ತಿಗೆ ಬಂದುಬಿಟ್ಟರು. ಅಪ್ಪ ಕಣ್ಣು ಮಿಟುಕಿಸದೆ ಇಬ್ಬರ ನಡುವಿನ ಗೋಡೆಯನ್ನು ನೋಡುತ್ತಾ ಅದೇ ಮಾತು ಹೇಳಿದರು. ಇಬ್ಬರೂ ಸಂತೋಷವಾಗಿ ಕಾಫಿ ಕುಡಿದು ಹೋದರು. ರಾಜ್ಯಶಾಸ್ತ್ರ ಓದಿದವಳು ನಾನಾದರೂ ಇಷ್ಟು ರಾಜಕೀಯ ನನಗೆ ಬರುವುದಿಲ್ಲ.

ನನಗೆ ಬರುತ್ತಿದ್ದುದು ತಪ್ಪು ಹುಡುಕುವುದು. ನನ್ನ ಕೋಣೆಯ ಕಿಟಕಿ ಬೀದಿಗಿದೆ. ಚುನಾವಣೆಯ ದಿನಗಳಲ್ಲಿ ಮೂಡಲ ಕಂಬದವರ ಆಟೋ ಹಾಡಿನ ಕ್ಯಾಸೆಟ್ಟು ಹಾಕಿಕೊಂಡು ಬರುತ್ತಿತ್ತು. ತಲೆನೋವು ಬರುತ್ತದೆಂದು ನಾನು ಕಿಟಕಿ ಮುಚ್ಚುತ್ತಿದ್ದೆ. ಪಡುವಲ ಕಂಬದವರ ಆಟೋದಲ್ಲಿ ಒಬ್ಬ ಮಹಾನುಭಾವ ಸ್ವಂತವಾಗಿ ಭಾಷಣ ಮಾಡುತ್ತಿದ್ದ. ಅವನ ಬಾಯಲ್ಲಿ ಬೆಳಿಗ್ಗೆ ಒಂದು ಸಾವಿರವಾಗಿದ್ದ ಸಂಖ್ಯೆ ಸಂಜೆಗೆ ಒಂದು ಲಕ್ಷವಾಗುತ್ತಿತ್ತು. ಅವನು ಬಂದಾಗ ಕಿಟಕಿಯನ್ನು ಪೂರ್ತಿ ತೆರೆದು, ನೋಟ್‌ಬುಕ್ ಹಿಡಿದು ಕುಳಿತು, ಆ ದಿನದ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದೆ. ಯಾರಿಗೆ ತೋರಿಸಲು ಎಂದು ಕೇಳಬೇಡಿ. ಒಂಟಿ ಹುಡುಗಿಯರು ಕಸೂತಿ ಹಾಕುವುದಿಲ್ಲವೇ, ಹಾಗೆ.

ರಂಗಮ್ಮಜ್ಜಿಯ ಒಲವು ಮಾತ್ರ ಬಚ್ಚಿಟ್ಟದ್ದಾಗಿರಲಿಲ್ಲ. ಅವರು ಮೂಡಲ ಕಂಬದವರು. ಮಾರ್ಕಯನ್‌ಕೋಟ್ಟೈ ಪಕ್ಕದ ಅವರ ಊರಿನಲ್ಲಿ ಆ ಪಕ್ಷದ ಮೊದಲ ಕಂಬ ನೆಟ್ಟಾಗ ಕಟ್ಟೆಗೆ ಕಲ್ಲು ಹೊತ್ತವರು ಅವರ ಯಜಮಾನರು. ಯಜಮಾನರು ತೀರಿಕೊಂಡು, ಅಜ್ಜಿ ಮಗನ ಜೊತೆ ದಿಂಡಿಗಲ್ಲಿಗೆ ಬಂದು ವರ್ಷಗಳಾಗಿದ್ದರೂ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ತಾವು ಹಾಕಿದ ಓಟುಗಳನ್ನು ಬೆರಳು ಮಡಚಿ ಎಣಿಸುತ್ತಿದ್ದರು: “ದೊಡ್ಡೋನು ಹೊಟ್ಟೇಲಿದ್ದಾಗ ಒಂದು. ಬಾವಿ ತೋಡಿದ ವರ್ಷ ಒಂದು. ಕರೀ ಎಮ್ಮೆ ಸತ್ತ ದಿನ ಒಂದು. ಅಳ್ಕೊಂಡೇ ಹೋಗಿ ಹಾಕ್ಬುಟ್ಟು ಬಂದೆ ತಾಯಿ.”

ಈಗ ನಮ್ಮ ಜನದ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮವರು ಎಲ್ಲಿಗೇ ವಲಸೆ ಹೋಗಲಿ, ಕುಲದೈವವನ್ನು ಊರಿನಲ್ಲೇ ಬಿಟ್ಟು ಬರುತ್ತಾರೆ. ಅದರ ಜೊತೆಗೆ ಓಟನ್ನೂ ಬಿಟ್ಟು ಬರುತ್ತಾರೆ. ಹೊಸ ಊರಿನಲ್ಲಿ ಮತದಾರರ ಪಟ್ಟಿ ಬರೆಯಲು ಬಂದವರು ಕೇಳಿದರೆ ಮರ್ಯಾದೆಗೆಂದು ಅಲ್ಲೂ ಹೆಸರು ಬರೆಸುತ್ತಾರೆ. ಹೀಗಾಗಿ ಪ್ರತಿಯೊಬ್ಬರಿಗೂ ಊರಲ್ಲೊಂದು ಓಟು, ಇಲ್ಲೊಂದು ಓಟು. ಎರಡು ಸಲ ಹಾಕುವ ದುರಾಸೆ ಯಾರಿಗೂ ಇಲ್ಲ. ಊರಿಗೆ ಹೋಗಿ ಹಾಕಿ, ದೈವಕ್ಕೆ ಕೈ ಮುಗಿದು, ತೆಂಗಿನಕಾಯಿ ತೆಗೆದುಕೊಂಡು ಬರುತ್ತಾರೆ. ವಲಸೆ ಬಂದ ಉಳಿದ ಮನೆಗಳವರದೂ ಹೆಚ್ಚುಕಡಿಮೆ ಇದೇ ಕಥೆ. ಇದರ ಪರಿಣಾಮ ಏನೆಂದರೆ, ಮತದಾನದ ದಿನ ನಮ್ಮ ಬಡಾವಣೆಯ ಮತಗಟ್ಟೆಯಲ್ಲಿ ನೊಣ ಹಾರುತ್ತಿರುತ್ತವೆ. ಮಾರನೆಯ ದಿನ ಪತ್ರಿಕೆಯಲ್ಲಿ ‘ಓದಿದವರಿಗೇ ಓಟು ಹಾಕಲು ಸೋಮಾರಿತನ’ ಎಂದು ಬೈಗುಳ ಬರುತ್ತದೆ. ಬೈಸಿಕೊಂಡವರು ಹಿಂದಿನ ದಿನ ಮೂರು ಗಂಟೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಓಟು ಹಾಕಿ, ಮೂರು ಗಂಟೆ ನಿಂತುಕೊಂಡೇ ವಾಪಸು ಬಂದವರು. ಅತ್ತ ಊರಿನಲ್ಲಿ, ಕಾಲುನೋವೆಂದು ಹೋಗದೆ ಇಲ್ಲೇ ಹಾಕಿದವರ ಹೆಸರು ಗೈರುಹಾಜರಿಗೆ ಬೀಳುತ್ತದೆ. ಒಟ್ಟಿನಲ್ಲಿ ಎರಡು ಕಡೆಯೂ ಸೋಮಾರಿಗಳು.

ತೊಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ದೆಹಲಿಯ ಸರ್ಕಾರಗಳು ನಿಂತಲ್ಲಿ ನಿಲ್ಲದೆ, ಚುನಾವಣೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅವುಗಳಲ್ಲಿ ಒಂದಕ್ಕೆ ಮುಂಚೆ ಪಟ್ಟಿ ತಿದ್ದಲು ನಮ್ಮ ಬೀದಿಗೆ ಬಂದ ಮೇಷ್ಟರು ಬಿಸಿಲಿಗೆ ಸುಸ್ತಾಗಿ ನಮ್ಮ ಜಗಲಿಯಲ್ಲಿ ಕುಳಿತರು. ನೀರು ಕೊಟ್ಟ ನನ್ನ ಕೈಗೆ ಪಟ್ಟಿಯನ್ನು ಕೊಟ್ಟು, “ನೀನು ಓದಿದವಳಲ್ಲವೇನಮ್ಮಾ, ಸ್ವಲ್ಪ ಮನೆಮನೆಗೆ ಹೋಗಿ ಸರಿನೋಡು” ಎಂದರು. ನನಗೆ ಅಷ್ಟು ಸಾಕಾಗಿತ್ತು. ಕೆಂಪು ಪೆನ್ನು ತೆಗೆದುಕೊಂಡು ಹೊರಟೆ. ಮಾತು ಕಡಿಮೆಯ ಹುಡುಗಿ ಎಂದು ಹೆಸರಾದವಳು ಹನ್ನೆರಡು ಮನೆಗಳಲ್ಲಿ ನಿಂತು, ಒಬ್ಬ ಮನುಷ್ಯನಿಗೆ ಒಂದೇ ಕಡೆ ಓಟು ಇರಬೇಕು, ಎರಡು ಕಡೆ ಇರುವುದು ಕಾನೂನಿಗೆ ವಿರುದ್ಧ, ಇಲ್ಲವೇ ಊರಿನದು ತೆಗೆಸಿ ಇಲ್ಲವೇ ಇಲ್ಲಿಯದು ತೆಗೆಸಿ ಎಂದು ಪಾಠ ಮಾಡಿದೆ. ಎಲ್ಲರೂ ಬಹಳ ಗೌರವದಿಂದ ತಲೆಯಾಡಿಸಿದರು. ಒಬ್ಬರೂ ಸಹಿ ಹಾಕಲಿಲ್ಲ. ನಮ್ಮಪ್ಪನಂತೂ, “ಅಮ್ಮಣಿ, ಬೀಗಕ್ಕೆ ಎರಡು ಕೀ ಇದ್ರೆ ತಪ್ಪಾ?” ಎಂದು ಕೇಳಿ ಅಂಗಡಿಗೆ ಹೋದರು.

ಸಹಿ ಹಾಕಿದವರು ರಂಗಮ್ಮಜ್ಜಿ ಒಬ್ಬರೇ.

“ನೀ ಹೇಳ್ದ ಮೇಲೆ ಅದು ಸರಿಯಾಗೇ ಇರ್ತದೆ. ಎಲ್ಲಿದು ತೆಗೀಬೇಕು?”

“ಅದು ನಿಮ್ಮಿಷ್ಟ ಅಜ್ಜಿ.”

“ಊರ್ದು ಇರ್ಲಿ. ಅಲ್ಲಿ ಅವರು ಕಲ್ಲು ಹೊತ್ತವ್ರೆ. ಇಲ್ಲಿ ನಂಗೇನದೆ, ಮಗನ ಮನೆ ಜಗಲಿ” ಎಂದು ಹೆಬ್ಬೆಟ್ಟು ಒತ್ತಿದರು. ಅವರ ಹೆಬ್ಬೆಟ್ಟಿನ ಪಕ್ಕದಲ್ಲಿ, ‘ನನ್ನ ಸಮ್ಮುಖದಲ್ಲಿ’ ಎಂದು ದುಂಡಗೆ ಬರೆದು ನಾನು ಸಹಿ ಮಾಡಿದೆ. ಬಡಾವಣೆಯಲ್ಲಿ ಒಬ್ಬರಾದರೂ ಕಾನೂನಿನ ಪ್ರಕಾರ ಇದ್ದಾರಲ್ಲ ಎಂದು ಆ ದಿನ ನನಗೆ ಊಟ ರುಚಿಸಿತು.

ಊರಿನಲ್ಲೂ ಅದೇ ತಿಂಗಳು ಪಟ್ಟಿ ತಿದ್ದಲು ಯಾರೋ ಹೋಗಿದ್ದರು. ಅವರೂ ನನ್ನಂತೆಯೇ ಶಿಸ್ತಿನವರಿರಬೇಕು. ಬೀಗ ಹಾಕಿದ ಮನೆಯ ಮುಂದೆ ನಿಂತು, ಅಕ್ಕಪಕ್ಕದವರನ್ನು ವಿಚಾರಿಸಿ, ‘ಊರಿನಲ್ಲಿಲ್ಲ, ದಿಂಡಿಗಲ್ಲಿನಲ್ಲಿ ಮಗನ ಮನೆಯಲ್ಲಿ ವಾಸ’ ಎಂದು ಸರಿಯಾಗಿಯೇ ಬರೆದು ಅಜ್ಜಿಯ ಹೆಸರು ಹೊಡೆದುಹಾಕಿದ್ದರು. ಇದು ನಮಗೆ ಗೊತ್ತಾದದ್ದು ಮತದಾನದ ದಿನ.

ಅಜ್ಜಿ ಹಿಂದಿನ ದಿನವೇ ಊರಿಗೆ ಹೋಗಿದ್ದರು. ನಾನು ಆ ದಿನ ಎಂದಿನಂತೆ ಸಂಜೆ ನಾಲ್ಕು ಗಂಟೆಗೆ ಕಾಯುತ್ತಿದ್ದೆ. ಮತಗಟ್ಟೆಯಲ್ಲಿ ಯಾರೂ ಇಲ್ಲದ, ಯಾರೂ ಮಾತಾಡಿಸದ ಹೊತ್ತು ಅದು. ಮೂರೂವರೆಗೆ ಗೇಟಿನ ಸದ್ದಾಯಿತು. ನೋಡಿದರೆ ಅಜ್ಜಿ. ಓಟಿಗೆಂದೇ ಎತ್ತಿಟ್ಟಿರುತ್ತಿದ್ದ ಅರಿಶಿನ ಬಣ್ಣದ ಸೀರೆ ಬಸ್ಸಿನಲ್ಲಿ ನುಗ್ಗಾಗಿತ್ತು.

“ಅಲ್ಲಿ ಹೆಸರು ಇಲ್ಲ ಅಂದ್ಬುಟ್ರು ತಾಯಿ. ಏಳು ಗಂಟೆಗೇ ಹೋಗಿ ಮೊದ್ಲು ನಿಂತೋಳು ನಾನು. ಹಿಂದ್ಗಡೆ ನಿಂತೋರೆಲ್ಲ ಹಾಕ್ಬುಟ್ಟು ಹೋದ್ರು. ಹೋಗ್ಲಿ ಬಿಡು, ಇಲ್ಲಿದ್ಯಲ್ಲ, ಇನ್ನೂ ಟೈಮಿದೆ ಅಂತ ಬಸ್ಸು ಹತ್ದೆ. ನಡಿ, ಇಲ್ಲಿ ಹಾಕ್ತೀನಿ.”

“ಇಲ್ಲೀದು... ನಾವು ತೆಗೆಸ್ಬಿಟ್ವಲ್ಲ ಅಜ್ಜಿ.”

“ನಾವಾ?” ಎಂದರು ಅಜ್ಜಿ.

ಅದೊಂದೇ ಮಾತು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಜಗಲಿಯ ಕಂಬಕ್ಕೆ ಒರಗಿ ಕುಳಿತು, ಎಡಗೈಯ ತೋರುಬೆರಳನ್ನು ಒಂದು ಗಳಿಗೆ ನೋಡಿಕೊಂಡರು. ಮಸಿ ಇಲ್ಲದ ಬೆರಳು. ಅಮ್ಮ ಮಜ್ಜಿಗೆ ತಂದುಕೊಟ್ಟರು, ಕುಡಿಯಲಿಲ್ಲ. ಆಮೇಲೆ ಥಟ್ಟನೆ ನನ್ನ ಮುಖ ನೋಡಿ, “ನೀ ಹಾಕಿದ್ದೀಯಾ?” ಎಂದರು.

“ಇನ್ನೂ ಇಲ್ಲ.”

“ಹಂಗಾದ್ರೆ ನಂದು ನೀ ಹಾಕು. ಮೂಡಲ ಕಂಬಕ್ಕೆ. ಒಂದೂ ಬಿಟ್ಟಿಲ್ಲ ನಾನು, ಅವರಿಗೆ ಮಾತು ಕೊಟ್ಟಿದ್ದೀನಿ. ಯಾರ ಕೈಲಿ ಹೋದ್ರೇನು, ಒಂದು ಓಟು ಹೋಗ್ಬೇಕು ಅಷ್ಟೆ.”

ನಾನು ಹೂಂ ಎಂದೆ.

ದಾರಿಯುದ್ದಕ್ಕೂ ಅಜ್ಜಿ ನನ್ನ ಕೈ ಹಿಡಿದುಕೊಂಡೇ ಬಂದರು, ಮತಗಟ್ಟೆಯ ಬಾಗಿಲವರೆಗೆ. ಒಳಗೆ ಹೋಗಿ, ಮಸಿ ಹಾಕಿಸಿಕೊಂಡು, ಚೀಟಿ ತೆಗೆದುಕೊಂಡು ಮರೆಯ ಹಿಂದೆ ನಿಂತೆ. ಈಗ ಒಂದು ಸತ್ಯ ಹೇಳಬೇಕು. ನಾನು ಮೂಡಲ ಕಂಬದವಳಲ್ಲ, ಪಡುವಲ ಕಂಬದವಳೂ ಅಲ್ಲ. ಕಂಬವೇ ಇಲ್ಲದ ಒಬ್ಬ ಸ್ವತಂತ್ರ ಅಭ್ಯರ್ಥಿಗೆ, ನಿವೃತ್ತ ಮೇಷ್ಟರೊಬ್ಬರಿಗೆ ಹಾಕಬೇಕೆಂದು ತಿಂಗಳಿಂದ ನಿರ್ಧರಿಸಿದ್ದೆ. ಅವರ ಕರಪತ್ರದಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ನನ್ನ ಗ್ರಹಚಾರಕ್ಕೆ ಚೀಟಿಯಲ್ಲಿ ಅಜ್ಜಿಯ ಗುರುತು ಮೇಲೆ, ಅದರ ಕೆಳಗೇ ಮೇಷ್ಟರ ಗುರುತು. ಮುದ್ರೆ ಹಿಡಿದುಕೊಂಡು ನಿಂತೆ. ಒಬ್ಬರ ಓಟನ್ನು ಇನ್ನೊಬ್ಬರು ಹಾಕಬಹುದೇ? ಹಾಕಿದರೆ ನನ್ನದು ಎಲ್ಲಿ ಹೋಯಿತು? ಹಾಕದಿದ್ದರೆ ಹೊರಗೆ ನಿಂತವರಿಗೆ ಏನು ಹೇಳಲಿ? ಕೈ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಅಷ್ಟರಲ್ಲಿ ಅಧಿಕಾರಿಯವರು, “ಏನಮ್ಮಾ, ಪರೀಕ್ಷೆ ಬರೀತಿದ್ದೀರಾ?” ಎಂದು ಕೇಳಿದರು. ಬೆಚ್ಚಿಬಿದ್ದು ಒತ್ತಿದೆ. ಮುದ್ರೆ ಇಬ್ಬರ ನಡುವಿನ ಗೆರೆಯ ಮೇಲೆ, ಅಳತೆ ಹಿಡಿದು ಹಾಕಿದಂತೆ ಸರಿಯಾಗಿ ಅರ್ಧ ಅಲ್ಲಿ ಅರ್ಧ ಇಲ್ಲಿ ಬಿತ್ತು. ಅಂಥ ಓಟು ಎಣಿಕೆಗೆ ಬರುವುದಿಲ್ಲವೆಂದು ನಾನು ಓದಿದ್ದೆ. ಕೆಟ್ಟ ಚೀಟಿಯನ್ನು ಹಿಂದಿರುಗಿಸಿ ಬೇರೆ ಕೇಳಬಹುದೆಂಬ ನಿಯಮವೂ ನನಗೆ ಬಾಯಿಪಾಠವಾಗಿತ್ತು. ಆದರೆ ಹಿಂದಿರುಗಿಸಬೇಕಾದರೆ ಅದನ್ನು ಅವರಿಗೆ ತೋರಿಸಬೇಕಲ್ಲ! ನನ್ನ ಗುಟ್ಟು, ಅದೂ ಅರ್ಧರ್ಧ! ಚೀಟಿಯನ್ನು ನಾಲ್ಕಾಗಿ ಮಡಚಿ ಪೆಟ್ಟಿಗೆಗೆ ಹಾಕಿ ಬಂದುಬಿಟ್ಟೆ.

“ಹಾಕ್ದಾ?”

“ಹಾಕ್ದೆ ಅಜ್ಜಿ.”

ಇಷ್ಟನ್ನೇ ಹೇಳಿದ್ದು. ಸುಳ್ಳೂ ಅಲ್ಲ, ನೋಡಿ. ಅಜ್ಜಿ ನನ್ನ ಬೆರಳಿನ ಮಸಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆ ವಾರವೆಲ್ಲ ಬಡಾವಣೆಯ ಪ್ರತಿ ಜಗಲಿಯಲ್ಲೂ, “ತನ್ನ ಓಟನ್ನ ನಂಗೆ ಕೊಟ್ಟುಬುಟ್ಳು. ಈ ಕಾಲದಲ್ಲಿ ಯಾರು ಕೊಡ್ತಾರೆ?” ಎಂದು ಹೇಳಿಕೊಂಡು ಬಂದರು. ಮೂಡಲ ಕಂಬದವರು ನನ್ನನ್ನು ಕಂಡರೆ ಮುಗುಳ್ನಗತೊಡಗಿದರು. ಫಲಿತಾಂಶದ ದಿನ ಪತ್ರಿಕೆಯಲ್ಲಿ ನಮ್ಮ ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಲೆಕ್ಕದ ಕೆಳಗೆ ಕೊನೆಯ ಸಾಲು ಒಂದಿತ್ತು: ತಿರಸ್ಕೃತ ಮತಗಳು. ಸಂಖ್ಯೆ ಸಣ್ಣದೇನಾಗಿರಲಿಲ್ಲ. ಅಷ್ಟು ಜನರ ನಡುವೆ ರಾಜ್ಯಶಾಸ್ತ್ರದ ಎಂ.ಎ. ಮಾಡಿದವಳು ನಾನೊಬ್ಬಳೇ ಇದ್ದಿರಬೇಕು.

ಪ್ರಾಯಶ್ಚಿತ್ತವೆಂದು ತಾಲ್ಲೂಕು ಕಚೇರಿಗೆ ಎಷ್ಟೋ ಸಲ ಅಲೆದು, ಅಜ್ಜಿಯ ಹೆಸರನ್ನು ನಮ್ಮ ಬಡಾವಣೆಯ ಪಟ್ಟಿಗೆ ಮತ್ತೆ ಸೇರಿಸಿದೆ. ಹೊಸ ಪಟ್ಟಿ ಬಂದಾಗ ಹೆಸರು ಸರಿಯಾಗಿತ್ತು, ಗಂಡನ ಹೆಸರು ಸರಿಯಾಗಿತ್ತು, ವಯಸ್ಸು ಮಾತ್ರ ಇಪ್ಪತ್ತೇಳು ಎಂದಿತ್ತು. ಎಂದರೆ ನನಗಿಂತ ಎರಡೇ ವರ್ಷಕ್ಕೆ ದೊಡ್ಡವರು. ನಾನು ಕೆಂಪು ಪೆನ್ನಿಗೆ ಕೈ ಹಾಕಿದೆ. “ಸಾಕು ಅಮ್ಮಣಿ,” ಎಂದು ಅಪ್ಪ ಕೈ ಮುಗಿದರು, “ನೀ ಇನ್ನೇನೂ ತಿದ್ದಬೇಡ.” ಅಜ್ಜಿಗೆ ವಿಷಯ ಹೇಳಿದಾಗ ಹಲ್ಲಿಲ್ಲದ ಬಾಯಿ ತುಂಬಾ ನಕ್ಕು, “ಇಪ್ಪತ್ತೇಳಾ! ಪರವಾಯಿಲ್ಲೆ, ಇನ್ನೂ ಬೇಕಾದಷ್ಟು ಓಟು ಹಾಕ್ಬೋದು” ಎಂದರು.

ಮಾರನೆಯ ವರ್ಷವೇ ಮತ್ತೆ ಚುನಾವಣೆ ಬಂತು. ಮತ್ತೆ ಆಟೋಗಳು, ಮತ್ತೆ ನನ್ನ ಕಿಟಕಿ, ಮತ್ತೆ ನೋಟ್‌ಬುಕ್. ಮತದಾನದ ಬೆಳಿಗ್ಗೆ ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಅದೇ ಅರಿಶಿನ ಬಣ್ಣದ ಸೀರೆ. ಪಟ್ಟಿಯಲ್ಲಿದ್ದ ವಯಸ್ಸನ್ನು ಓದಿ ಒಳಗೆ ಕುಳಿತ ಎರಡು ಕಡೆಯ ಏಜೆಂಟರೂ ನಕ್ಕರು, ಆದರೆ ಅಜ್ಜಿಯನ್ನು ಗೊತ್ತಿಲ್ಲದವರಾರು? ಅವರು ಮರೆಯ ಹಿಂದೆ ಹೋದರು. ಹೋದವರು ಬೇಗ ಬರಲಿಲ್ಲ. ಇಷ್ಟು ವರ್ಷ ಒಂದೇ ಗುರುತಿಗೆ ಒತ್ತಿದವರಿಗೆ ಇಷ್ಟು ಹೊತ್ತೇಕೆ ಎಂದು ನಾನು ಬಾಗಿಲಲ್ಲಿ ನಿಂತು ಚಿಂತಿಸಿದೆ. ಕೊನೆಗೆ ಬೆರಳನ್ನು ಬಾವುಟದಂತೆ ಎತ್ತಿ ಹಿಡಿದುಕೊಂಡು ಹೊರಬಂದರು. ಬೇವಿನ ಮರದ ಕೆಳಗೆ ನಿಂತು, ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

“ತೀರ್ಸ್‌ಬುಟ್ಟೆ ತಾಯಿ.”

“ಏನನ್ನ ಅಜ್ಜಿ?”

“ಹೋದ ಸಲ ನೀ ನಂಗೆ ಹಾಕ್ಲಿಲ್ವಾ? ಈ ಸಲ ನಾ ನಿಂಗೆ ಹಾಕ್ದೆ. ಪಡುವಲ ಕಂಬಕ್ಕೆ.”

ಅಜ್ಜಿ ಹೇಳುತ್ತಲೇ ಇದ್ದರು: “ನೀ ಹೇಳ್ದಿದ್ರೆ ನಂಗೆ ತಿಳಿಯಲ್ವಾ? ಎದುರಲ್ಲೇ ಕೂತಿರ್ತೀನಲ್ಲ. ನಮ್ಮ ಆಟೋ ಬಂದ್ರೆ ಪಟ್ ಅಂತ ಕಿಟಕಿ ಮುಚ್ತೀಯ. ಅವರ್ದು ಬಂದ್ರೆ ತೆಗ್ದು, ಪುಸ್ತಕ ಇಟ್ಕೊಂಡು, ಒಂದೊಂದು ಮಾತೂ ಬರ್ಕೊತೀಯ. ಅಷ್ಟು ಭಕ್ತಿ! ಆದ್ರೂ ಅದನ್ನ ಬುಟ್ಟು ನಂಗೋಸ್ಕರ ಮೂಡಲ ಕಂಬಕ್ಕೆ ಹಾಕ್ದೆ. ನಾ ಮರೀತೀನಾ?” ಕೈಯನ್ನು ಸೆರಗಿಗೆ ಒರೆಸಿಕೊಂಡು, “ಕಷ್ಟ ಆತು ತಾಯಿ. ಕೈ ಅತ್ಲಾಗೇ ಹೋಗ್ತಿತ್ತು. ಎಳ್ದು ಇತ್ಲಾಗೆ ಒತ್ದೆ. ನಮ್ಮ ಯಜಮಾನ್ರು ಕೋಪಿಸ್ಕೊತಾರೆ. ಇರ್ಲಿ, ಮ್ಯಾಲಕ್ಕೆ ಹೋದಾಗ ನಾ ಹೇಳ್ಕೊತೀನಿ” ಎಂದರು.

ಆ ಬೇವಿನ ಮರದ ಕೆಳಗೆ ನಾನು ಬಾಯಿ ಬಿಡಬಹುದಿತ್ತು. ಅಜ್ಜಿ, ನಾನು ಪಡುವಲ ಕಂಬದವಳಲ್ಲ, ಬರೆದುಕೊಳ್ಳುತ್ತಿದ್ದುದು ಅವನ ತಪ್ಪುಗಳನ್ನು, ಹೋದ ಸಲ ನಾನು ನಿಮಗೆ ಹಾಕಲೂ ಇಲ್ಲ ಎನ್ನಬಹುದಿತ್ತು. ಹೇಳಿದ್ದರೆ ಜೀವಮಾನದಲ್ಲಿ ಮೊದಲ ಸಲ ಬೇರೆ ಕಡೆ ಒತ್ತಿದ ಆ ಕೈಗೆ ಏನು ಉಳಿಯುತ್ತಿತ್ತು? ಹೀಗೆಂದು ಸಮಾಧಾನ ಮಾಡಿಕೊಂಡೆ. ನಿಜ ಅದಲ್ಲ. ಹೇಳುವ ಅಭ್ಯಾಸವೇ ನನಗಿರಲಿಲ್ಲ. ಒಂದು ಓಟನ್ನು ನನ್ನ ಕೆಂಪು ಪೆನ್ನು ತಿಂದಿತ್ತು, ಇನ್ನೊಂದನ್ನು ನನ್ನ ಮೌನ. ಅಜ್ಜಿಯ ಕೈ ಹಿಡಿದುಕೊಂಡು ಮನೆಗೆ ನಡೆದೆ, ಅಷ್ಟೆ.

ಈಗ ನನ್ನ ಕೋಣೆಯ ಕಿಟಕಿಗೆ ಪರದೆ ಹಾಕಿಸಿದ್ದೇನೆ. ಯಾರ ಆಟೋ ಬಂದರೂ ಒಂದೇ ರೀತಿ ಎಳೆದುಬಿಡುತ್ತೇನೆ. ದಿಂಡಿಗಲ್ಲಿನ ಅಂಗಡಿಯಲ್ಲಿ ಅರ್ಧ ದಿನ ನಿಂತು, ಎರಡು ಕಂಬಗಳ ಬಾವುಟದ ಯಾವ ಬಣ್ಣವೂ ಅದರಲ್ಲಿ ಬಾರದಂತೆ ನೋಡಿ ನೋಡಿ ಆರಿಸಿದ ಬಟ್ಟೆ ಅದು. ಬೂದಿ ಬಣ್ಣಕ್ಕೆ ಸಣ್ಣ ನೇರಳೆ ಗೆರೆ. ತೂಗುಹಾಕಿದ ದಿನ ಅಜ್ಜಿ ಎದುರು ಜಗಲಿಯಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ಬೀದಿಯಲ್ಲಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೆಲ್ಲಗೆ ಕೇಳಿದರು:

“ಇದ್ಯಾವ ಪಾರ್ಟಿ ತಾಯಿ, ಹೊಸ್ದಾ? ಗುರುತು ಏನೂಂತ ಮಾತ್ರ ಹೇಳು. ಮುಂದಿನ ಸಲ ನಾ ನೋಡ್ಕೊತೀನಿ.”